ವಿಷಯ: ಪೆಟ್ಟಿಗಿ ಮುಟ್ಟಿದ ಬಗ್ಗೆ

ನಾಕು ಸಾಲು ಸಾಕು ಟೀಚರ್, ಅಂದರು ಹೆಡ್‌ಮಾಸ್ತರು,
"ತಮ್ಮ ಸಹಾಯಕ್ಕೆ ಶಾಲೆಯು ಚಿರಋಣಿ" ಅಂತ ಬರದು ಸೀಲು ಒತ್ತರಿ.
ಬರದೆ. ಒತ್ತಿದೆ. ಆ ಕಾಗದ ನಿಮಗ ಮುಟ್ಟಿರಬೇಕು.
ಇದು ಬ್ಯಾರೆ.

ಪೆಟ್ಟಿಗಿ ಬಂದದ್ದು ಬಾದಾಮಿ ಬಸ್ಸಿನ ತಲಿ ಮ್ಯಾಲೆ,
ಒಂದು ಮೂಲಿ ಒದ್ದಿ, ಹಗ್ಗ ಮಾತ್ರ ಗಟ್ಟಿ.
ಕೊಯ್ಯಬ್ಯಾಡ್ರಿ ಅಂದಳು ಬನಶ್ರೀ, ನೇಕಾರರ ಮಗಳು,
ಗಂಟು ಕಂಡರ ಅಕಿಗೆ ಕತ್ತರಿ ಅಲ್ಲ, ಉಗುರು ನೆನಪಾಗತಾವ.
ಹತ್ತು ಮಿನಿಟು ಕೂತು ಬಿಚ್ಚಿದಳು.
ನಲವತ್ತು ಮಂದಿ ಉಸಿರು ಹಿಡದು ನೋಡಿದರು.

ಪೆನ್ಸಿಲ್ಲು ಎಂಟು ಡಜನ್. ನೋಟಬುಕ್ಕು,
ಅರ್ಧ ಗೆರಿಯವು, ಅರ್ಧ ಚೌಕದವು.
ಬಣ್ಣದ ಖಡು. ಆಫ್ರಿಕಾದ ಹತ್ತಿರ ಚೂರು ನೆಗ್ಗಿದ ಒಂದು ಗೋಲ.
ಮತ್ತ ತಳದಾಗ, ಹಳೇ ಪೇಪರಿನ್ಯಾಗ ಸುತ್ತಿ,
ಬಿಳೇ ರಬ್ಬರು, ನಲವತ್ತೆಂಟು.

ಮೊದಲ ವಾರ ಯಾರೂ ಏನೂ ಮುಟ್ಟಲಿಲ್ಲ.
ಪೆನ್ಸಿಲ್ ಮೂಸಿ ನೋಡಿ ಚೀಲದಾಗ ಇಟಗೊಂಡರು.
"ಯಾಕೋ ಹುಚ್ಚೇಶ, ಬರಿಯೂದಿಲ್ಲೇನು?"
"ಕೆತ್ತಿದರ ಸಣ್ಣದಾಗತೈತ್ರಿ."
ಅವರಪ್ಪ ಮಗ್ಗದ ಮುಂದ ದಿನಾ ನೂಲು ಖರ್ಚು ಮಾಡತಾನ,
ಖರ್ಚಾದ ನೂಲು ಖಣ ಆಗತೈತಿ ಅಂತ ಹುಡುಗಗ ಗೊತ್ತು.
ಖರ್ಚಾದ ಪೆನ್ಸಿಲ್ ಏನಾಗತೈತಿ ಅಂತ
ನಾ ಹೇಳಿಕೊಟ್ಟಿದ್ದಿಲ್ಲ.
ಸೋಮವಾರ ಎಲ್ಲಾರ ಮುಂದ ನನ್ನ ಪೆನ್ಸಿಲ್ ಲಟಕ್ಕನ ಮುರದೆ,
ಎರಡೂ ತುಂಡು ಕೆತ್ತಿ, ಎರಡರಲೇನೂ ಬರದೆ.
ನಕ್ಕವು. ಆಮ್ಯಾಲೆ ಕೆತ್ತಿದವು.

ರಬ್ಬರಿನ ಕತಿ ಹಂಗಲ್ಲ.

ಹನ್ನೊಂದು ವರ್ಷಾತು ನಾ ಗುಳೇದಗುಡ್ಡದ ಈ ಸಾಲಿಗೆ ಬಂದು.
ನಮ್ಮ ಹುಡುಗರ ನೋಟಬುಕ್ಕು ಭಾಳ ಸ್ವಚ್ಛ ಅಂತ ಹೆಮ್ಮಿ ಪಟ್ಟಾಕಿ ನಾ.
ಗೀಚಿದ್ದಿಲ್ಲ, ಹೊಡದು ಹಾಕಿದ್ದಿಲ್ಲ,
ಗೊತ್ತಿದ್ದದ್ದು ಬರೀತಾರ, ಗೊತ್ತಿಲ್ಲದ್ದು ಬಿಡತಾರ,
ಶಾಣ್ಯಾ ಮಕ್ಕಳು ಅಂದುಕೊಂಡಿದ್ದೆ.
ತಪ್ಪಾದರ ಬೆರಳಿಗೆ ಉಗುಳು ಹಚ್ಚಿ ತಿಕ್ಕಬೇಕು,
ತಿಕ್ಕಿದರ ಹಾಳಿ ತೂತು, ತೂತಾದರ ಮನ್ಯಾಗ ಏಟು,
ಹೊಸಾ ನೋಟಬುಕ್ಕು ಮುಂದಿನ ಜೂನಿಗೆ.
ಅದಕ್ಕ ಬರೀತಿದ್ದಿಲ್ಲ ಅವು.
ಇಷ್ಟು ಸಣ್ಣ ಲೆಕ್ಕ. ನನಗ ಬಿಡಸಲಿಕ್ಕೆ
ಹನ್ನೊಂದು ವರ್ಷ ಮತ್ತ ನಿಮ್ಮ ಪೆಟ್ಟಿಗಿ ಬೇಕಾತು.

ಈಗ ಐದನೇ ತರಗತಿಯೊಳಗ ಬಂದು ನಿಂತು ಕೇಳ್ರಿ:
ಹೊರಗ ಓಣ್ಯಾಗ ಮಗ್ಗದ ಖಟಪಟ, ಒಳಗ ತಿಕ್ಕೂ ಸಪ್ಪಳ.
ಮಮತಾಜ ಒಂದು ಭಾಗಾಕಾರಕ್ಕ ಮೂರು ಉತ್ತರ ಬರದು, ಮೂರೂ ಅಳಿಸಿ,
ನಾಕನೇದಕ್ಕ ಕೈ ಎತ್ತಿದಳು.
ಅದೂ ತಪ್ಪು.
ಆದರ ಆ ಕೈ ಇಲ್ಲೀತನಕ ಎದ್ದದ್ದು
ನೀರಿಗೆ, ಇಲ್ಲಾ ಒಂದಕ್ಕೆ ಹೋಗಲಿಕ್ಕೆ, ಅಷ್ಟ.

ಎಲ್ಲಾ ಛಲೋ ಆತು ಅಂತ ಬರಿಯಾಂಗಿಲ್ಲ.
ಸೋರೂ ಖೋಲಿ ಸೋರತೈತಿ.
ಚೌಕದ ನೋಟಬುಕ್ಕು ದೀಪಾವಳಿಗೇ ಮುಗದವು.
ಬನಶ್ರೀ ಎರಡು ದಿನಕ್ಕೊಮ್ಮೆ ಕಂಡಿಕಿ ಸುತ್ತಲಿಕ್ಕೆ ಮನ್ಯಾಗ ಉಳೀತಾಳ.
ಗೋಲದ ಮ್ಯಾಲೆ ನಮ್ಮೂರು ಇಲ್ಲ ಅಂತ ಹುಚ್ಚೇಶ
ಪೆನ್ಸಿಲ್ಲಿಲೆ ಚುಕ್ಕಿ ಇಟ್ಟಾನ, ಅದು ಬಿದ್ದದ್ದು ಅರಬ್ಬೀ ಸಮುದ್ರದಾಗ.
ಅಳಸೋ ಅಂದೆ.
"ಇರಲಿ ಬಿಡ್ರಿ ಟೀಚರ್, ಸಮೀಪ ಐತಿ."

ಮೊನ್ನೆ ಸಾಹೇಬರು ಬಂದಿದ್ದರು ತಪಾಸಣಿಗೆ.
ದಾಸ್ತಾನು ವಹಿಯೊಳಗ ಬೆರಳಿಟ್ಟು ಕೇಳಿದರು:
ರಬ್ಬರು, ಬಂದದ್ದು ನಲವತ್ತೆಂಟು. ಉಳಿದದ್ದು?
ಬಾಗಲ ಸಂದಿಗೆ ಗುಡಿಸಿಟ್ಟ ಕರೀ ಎಳಿ ತೋರಿಸಿದೆ,
ಸಣ್ಣ ಸಣ್ಣವು, ಮಗ್ಗದ ಕೆಳಗ ಬೀಳತಾವಲ್ಲ, ಹಂತಾವು.
ಅವರು ಷರಾ ಬರೀರಿ ಅಂದು ಚಾ ಕುಡಿಲಿಕ್ಕೆ ಹೋದರು.

ಬರದೀನಿ.
ಪೆನ್ನಿಲೇ ಬರೀಬೇಕು ಅಂತ ನೇಮ ಐತಿ,
ನಾ ಪೆನ್ಸಿಲ್ಲಿಲೆ ಬರದೀನಿ.